ಮಾತ್ರೆಗೆ ಮುಂಚೆ ಬ್ಲಡ್ ಕಲ್ಚರ್: ಹೃದಯದ ಒಳಪದರದ ಸೋಂಕಿನ ಬಗ್ಗೆ

(ಜಿಲ್ಲಾ ಕೇಂದ್ರವೊಂದರ ಗ್ರಂಥಾಲಯದ ಸಭಾಂಗಣದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೃದಯದ ಕಾಯಿಲೆ ಅಂದರೆ ಎದೆನೋವು, ಬ್ಲಾಕ್, ಸ್ಟೆಂಟ್, ಇಷ್ಟೇ ನಮ್ಮ ತಲೆಗೆ ಬರುವುದು. ಇವತ್ತು ನಾನು ಹೇಳುವ ಕಾಯಿಲೆಯಲ್ಲಿ ಎದೆನೋವು ಇರಲೇಬೇಕು ಅಂತಿಲ್ಲ. ಅದು ಶುರುವಾಗುವುದು ಜ್ವರದಿಂದ. ಅದೂ ಎಷ್ಟೋ ಸಲ ಸಣ್ಣ ಜ್ವರ. ಸಂಜೆಯಾದರೆ ಮೈ ಬಿಸಿ, ರಾತ್ರಿ ಬೆವರು, ಊಟ ಸೇರುವುದಿಲ್ಲ, ಕೀಲುಗಳಲ್ಲಿ ನೋವು, ತೂಕ ಇಳಿಯುತ್ತಾ ಹೋಗುತ್ತದೆ. ಹೀಗೆ ವಾರಗಟ್ಟಲೆ. ಮೆಡಿಕಲ್ ಶಾಪಿನ ಮಾತ್ರೆಗೆ ಎರಡು ದಿನ ಬಿಟ್ಟ ಹಾಗೆ ಆಗುತ್ತದೆ, ಮತ್ತೆ ಬರುತ್ತದೆ. ಯಾರೋ ವಿಡಾಲ್ ಮಾಡಿಸಿ ಟೈಫಾಯಿಡ್ ಅಂತಾರೆ. ಇನ್ನೊಬ್ಬರು ಟಿ.ಬಿ. ಇರಬಹುದು ಅಂತ ಎಕ್ಸ್‌ರೇ ಬರೆದುಕೊಡುತ್ತಾರೆ. ಇಷ್ಟರಲ್ಲಿ ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಬಲಗೈ ಬಿದ್ದುಹೋಗಿರುತ್ತದೆ. ಇಲ್ಲವೇ ಉಸಿರಾಡಲು ಆಗದೆ ಕೂತೇ ರಾತ್ರಿ ಕಳೆದು ಆಸ್ಪತ್ರೆಗೆ ಓಡಿ ಬರುತ್ತಾರೆ. ಇದು ಒಬ್ಬ ರೋಗಿಯ ಕಥೆ ಅಲ್ಲ. ಈ ಕಾಯಿಲೆ ನೋಡುವ ಯಾವ ವೈದ್ಯರನ್ನು ಕೇಳಿದರೂ ಇದೇ ದಾರಿ ಹೇಳುತ್ತಾರೆ.

ಕಾಯಿಲೆಯ ಹೆಸರು ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್. ಹೃದಯದ ಒಳಗೋಡೆಗೆ ಒಂದು ತೆಳು ಪದರ ಇದೆ, ಅದೇ ಪದರ ವಾಲ್ವ್‌ಗಳನ್ನೂ, ಅಂದರೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳನ್ನೂ, ಹೊದ್ದಿರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಬೀಡುಬಿಟ್ಟರೆ ಈ ಕಾಯಿಲೆ. ಹೆಚ್ಚಾಗಿ ಕೂರುವುದು ವಾಲ್ವ್ ಮೇಲೆಯೇ.

ರಕ್ತದಲ್ಲಿ ಬ್ಯಾಕ್ಟೀರಿಯಾ ಬರುವುದು ಅಪರೂಪದ ಸಂಗತಿ ಏನಲ್ಲ. ವಸಡು ಹಾಳಾಗಿದ್ದರೆ ಹಲ್ಲುಜ್ಜುವಾಗ, ಗಟ್ಟಿ ಪದಾರ್ಥ ಅಗಿಯುವಾಗ ಕೂಡ ಒಂದಿಷ್ಟು ರಕ್ತಕ್ಕೆ ಸೇರುತ್ತವೆ. ಸ್ವಲ್ಪ ಹೊತ್ತಿಗೆ ದೇಹ ಅವನ್ನು ತೆಗೆದುಹಾಕುತ್ತದೆ. ನಯವಾದ, ಆರೋಗ್ಯವಂತ ವಾಲ್ವ್ ಮೇಲೆ ಅವಕ್ಕೆ ಹಿಡಿದುಕೊಳ್ಳಲು ಜಾಗವೇ ಸಿಗುವುದಿಲ್ಲ. ತೊಂದರೆ ಇರುವುದು ವಾಲ್ವ್ ಕೆಟ್ಟಿದ್ದಾಗ. ಹೊಳೆಯ ನೀರು ಸೇತುವೆಯ ಕಂಬ ದಾಟಿದ ಮೇಲೆ ಅಲ್ಲೊಂದು ಸುಳಿ ಏಳುತ್ತದಲ್ಲ, ಕಸಕಡ್ಡಿ ಎಲ್ಲ ಅಲ್ಲೇ ಸುತ್ತಿಕೊಂಡು ನಿಲ್ಲುತ್ತದಲ್ಲ, ಹಾಗೆ ಸೋರುವ ವಾಲ್ವಿನ ಆಚೆ ಬದಿಯಲ್ಲಿ ರಕ್ತ ಸುಳಿಯುತ್ತದೆ. ಆ ರಭಸಕ್ಕೆ ಒಳಪದರ ತರಚುತ್ತದೆ. ತರಚಿದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಮತ್ತು ಫೈಬ್ರಿನ್ ಅನ್ನುವ ನಾರು ಸೇರಿ ಸಣ್ಣ ಗಡ್ಡೆ ಕಟ್ಟುತ್ತದೆ. ಹಾದುಹೋಗುವ ಬ್ಯಾಕ್ಟೀರಿಯಾ ಅದಕ್ಕೆ ಅಂಟಿಕೊಂಡು ಅಲ್ಲೇ ಬೆಳೆಯುತ್ತದೆ. ಮೇಲೆ ಇನ್ನೊಂದು ಪದರ ಫೈಬ್ರಿನ್ ಕೂರುತ್ತದೆ, ಒಳಗೆ ಬ್ಯಾಕ್ಟೀರಿಯಾ ಭದ್ರ. ಹೀಗೆ ಬೆಳೆದ ಗಂಟನ್ನು ನಾವು ವೆಜಿಟೇಷನ್ ಅಂತೇವೆ. ಅದರ ಒಂದು ಗ್ರಾಂನಲ್ಲಿ ನೂರು ಕೋಟಿಗೂ ಜಾಸ್ತಿ ಬ್ಯಾಕ್ಟೀರಿಯಾ ಇರಬಹುದು.

ಈ ಗಂಟಿನಿಂದ ಮೂರು ಬಗೆಯ ಅನಾಹುತ. ವಾಲ್ವ್ ಹರಿದು ಸೋರಿ ಹೃದಯ ಸೋಲುತ್ತದೆ. ಚೂರು ಕಿತ್ತುಕೊಂಡು ಮಿದುಳು, ಗುಲ್ಮ, ಮೂತ್ರಪಿಂಡ, ಕಾಲಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಮೂರನೆಯದು, ಸೋಂಕು ವಾಲ್ವಿನ ಬುಡಕ್ಕೆ ಇಳಿದು ಕೀವು ಕಟ್ಟುತ್ತದೆ. ಈಗಲೂ, ಇಷ್ಟೆಲ್ಲ ಔಷಧಿ ಇರುವಾಗಲೂ, ಈ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಉಳಿಯುವುದಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಹಳೆಯ ಕಥೆ ಹೇಳುವುದಕ್ಕೆ ಕಾರಣ ಇದೆ.

ಗುಸ್ಟಾಫ್ ಮಾಹ್ಲರ್ ಪಾಶ್ಚಾತ್ಯ ಸಂಗೀತದಲ್ಲಿ ಬಹಳ ದೊಡ್ಡ ಹೆಸರು. ಅವನ ವಾಲ್ವ್ ಕೆಟ್ಟಿದೆ ಅಂತ 1907ರಲ್ಲೇ ಗೊತ್ತಾಗಿತ್ತು. 1911ರ ಫೆಬ್ರುವರಿ 21ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಜ್ವರದಲ್ಲೇ ಕಛೇರಿ ನಡೆಸಿದ. ಅದೇ ಅವನ ಕೊನೆಯ ಕಛೇರಿ. ಜ್ವರ ಬಿಡಲಿಲ್ಲ. ಇಮ್ಯಾನ್ಯುಯೆಲ್ ಲಿಬ್‌ಮನ್ ಅನ್ನುವ ವೈದ್ಯನನ್ನು ಕರೆಸಿದರು. ಈ ಕಾಯಿಲೆಯಲ್ಲಿ ಅವನಷ್ಟು ಪಳಗಿದವರು ಆಗ ಇರಲಿಲ್ಲ. ಪರೀಕ್ಷೆ ಮಾಡಿ ಎಂಡೋಕಾರ್ಡೈಟಿಸ್ ಅಂದ. ಅವನ ಕೈಕೆಳಗಿನ ಯುವ ವೈದ್ಯ ಜಾರ್ಜ್ ಬೇರ್ ಬಂದು ತೋಳಿನಿಂದ ರಕ್ತ ತೆಗೆದು ಕಲ್ಚರ್‌ಗೆ ಹಾಕಿದ, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಬೆಳೆದು ಕಾಣಲಿ ಅಂತ ಇಟ್ಟ. ಕೆಲವೇ ದಿನಗಳಲ್ಲಿ ಸ್ಟ್ರೆಪ್ಟೊಕಾಕಸ್ ಬೆಳೆಯಿತು. ಬಾಯಿಯಲ್ಲಿ ಇರುವಂಥದ್ದೇ. ಪತ್ತೆಯಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. ಮಾಹ್ಲರ್ ನಿಜ ಹೇಳಿ ಅಂದ, ಹೇಳಿದರು. ಹಡಗು ಹತ್ತಿ ಪ್ಯಾರಿಸ್ಸಿಗೆ, ಅಲ್ಲಿಂದ ವಿಯೆನ್ನಾಕ್ಕೆ ಹೋದ. ಮೇ 18ರಂದು ತೀರಿಕೊಂಡ. ವಯಸ್ಸು 50.

ಅಂದರೆ ನೂರಕ್ಕೂ ಹೆಚ್ಚು ವರ್ಷದ ಹಿಂದೆ, ಎಕೋ (ಹೃದಯದ ಅಲ್ಟ್ರಾಸೌಂಡ್) ಇಲ್ಲದ ಕಾಲದಲ್ಲಿ, ಕೈಯಲ್ಲಿ ಸ್ಟೆತೊಸ್ಕೋಪು ಮತ್ತು ಒಂದು ಸಿರಿಂಜು ಇಟ್ಟುಕೊಂಡು ಕಾಯಿಲೆ ಯಾವುದು, ಬ್ಯಾಕ್ಟೀರಿಯಾ ಯಾವುದು ಅಂತ ಖಚಿತವಾಗಿ ಹೇಳಿದರು. ಕೊಡಲು ಔಷಧಿ ಮಾತ್ರ ಇರಲಿಲ್ಲ.

ಔಷಧಿ ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. 1940ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಹೆನ್ರಿ ಡಾಸನ್ ಅನ್ನುವ ವೈದ್ಯ ಪ್ರಯೋಗಾಲಯದಲ್ಲೇ ತಯಾರಿಸಿದ ಪೆನಿಸಿಲಿನ್ನನ್ನು ಇದೇ ಕಾಯಿಲೆಯ ರೋಗಿಗಳಿಗೆ ಕೊಟ್ಟ. ಔಷಧಿ ತೀರಾ ಕಡಿಮೆ ಇತ್ತು. ಆಮೇಲೆ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಪೆನಿಸಿಲಿನ್ ಪೂರ್ತಿ ರೇಷನ್. ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡುವ ಸಮಿತಿ, ಎಂಡೋಕಾರ್ಡೈಟಿಸ್‌ಗೆ ಇದು ಕೆಲಸ ಮಾಡುವುದಿಲ್ಲ, ಸುಮ್ನೆ ದಂಡ ಅಂತ ನಿಲ್ಲಿಸಿಬಿಟ್ಟಿತು. ಬ್ರೂಕ್ಲಿನ್‌ನ ಲಿಯೊ ಲೋವ್ ಅನ್ನುವ ವೈದ್ಯ ಒಪ್ಪಲಿಲ್ಲ. ಅದೇ ಊರಿನ ಫೈಜರ್ ಕಂಪನಿಯ ಜಾನ್ ಸ್ಮಿತ್ ಹತ್ತಿರ ಹೋಗಿ ಔಷಧಿ ತಂದ. ಆ ಕಾಲಕ್ಕೆ ದೊಡ್ಡದು ಅನ್ನಿಸುವ ಡೋಸನ್ನು ಡ್ರಿಪ್ ಮೂಲಕ ಹಗಲೂ ರಾತ್ರಿ ಕೊಟ್ಟ. 1944ರ ಜನವರಿಯಲ್ಲಿ ಏಳು ರೋಗಿಗಳು ಚೇತರಿಸಿಕೊಂಡ ವರದಿ ಪ್ರಕಟವಾಯಿತು. ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಿದ್ದ ಕಾಯಿಲೆ ಅದು! ಸಮಿತಿ ತಪ್ಪು ಲೆಕ್ಕ ಹಾಕಿದ್ದು ಎಲ್ಲಿ ಅಂದರೆ, ಈ ಕಾಯಿಲೆಗೆ ಔಷಧಿ ಜಾಸ್ತಿ ಬೇಕು, ಜಾಸ್ತಿ ದಿನ ಬೇಕು. ಸ್ವಲ್ಪ ಕೊಟ್ಟು ಸ್ವಲ್ಪ ದಿನಕ್ಕೆ ನಿಲ್ಲಿಸಿದರೆ ಜ್ವರ ಬಿಟ್ಟು ಮತ್ತೆ ಬರುತ್ತದೆ.

ಇಲ್ಲೇ ನಾನು ಇವತ್ತು ಹೇಳಬೇಕೆಂದು ಬಂದಿರುವ ಮಾತು ಇರುವುದು. ಮಾಹ್ಲರ್ ಕಾಲದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಔಷಧಿ ಸಿಗಲಿಲ್ಲ. ನಮ್ಮ ಕಾಲದಲ್ಲಿ ಔಷಧಿ ಇದೆ, ಬ್ಯಾಕ್ಟೀರಿಯಾ ಸಿಗುತ್ತಿಲ್ಲ. ಯಾಕೆ? ರಕ್ತ ತೆಗೆಯುವ ಮುಂಚೆಯೇ ರೋಗಿ ನಾಲ್ಕಾರು ಆಂಟಿಬಯೋಟಿಕ್ ಮಾತ್ರೆ ನುಂಗಿ ಬಂದಿರುತ್ತಾನೆ. ಆ ಮಾತ್ರೆ ಗಂಟಿನೊಳಗಿನ ಸೋಂಕನ್ನು ಕೊಲ್ಲಲು ಸಾಲದು. ಆದರೆ ರಕ್ತದಲ್ಲಿ ಓಡಾಡುವ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆಯದಂತೆ ತಡೆಯಲು ಸಾಕು. ಕಲ್ಚರ್ ರಿಪೋರ್ಟ್ ಬರುತ್ತದೆ: ಬೆಳವಣಿಗೆ ಇಲ್ಲ. ಶತ್ರು ಯಾರು ಅಂತ ಗೊತ್ತಿಲ್ಲದೆ ಆರು ವಾರದ ಚಿಕಿತ್ಸೆ ಆರಿಸಬೇಕಾಗುತ್ತದೆ. ಬೇಕಿಲ್ಲದ ಔಷಧಿ ಸೇರುತ್ತದೆ, ಕಿಡ್ನಿಗೆ ಕಷ್ಟ, ಖರ್ಚು ಜಾಸ್ತಿ. ಕಲ್ಚರ್‌ನಲ್ಲಿ ಬೆಳೆಯದ ಎಂಡೋಕಾರ್ಡೈಟಿಸ್ ನಮ್ಮ ದೇಶದಲ್ಲಿ ಇಷ್ಟು ಹೆಚ್ಚಲು ಇದೇ ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ. ಕಾಕ್ಸಿಯೆಲ್ಲಾ, ಬಾರ್ಟೊನೆಲ್ಲಾ ಅಂತ ಸಾಮಾನ್ಯ ಬಾಟಲಿಯಲ್ಲಿ ಬೆಳೆಯದ ಜಾತಿಗಳೂ ಇವೆ ನಿಜ. ಅವಕ್ಕೆ ಬೇರೆ ಪರೀಕ್ಷೆ ಇದೆ. ಆದರೆ ಮೊದಲು ಬೈಯಬೇಕಾದ್ದು ಮಾತ್ರೆಯ ಪಟ್ಟಿಯನ್ನು.

ಹಾಗಾದರೆ ಬ್ಲಡ್ ಕಲ್ಚರ್ ಹೇಗಿರಬೇಕು? ಒಂದೇ ಬಾಟಲಿ ಸಾಲದು. ಮೂರು ಸಲ, ಬೇರೆ ಬೇರೆ ಕಡೆ ಚುಚ್ಚಿ ತೆಗೆಯಬೇಕು. ಪ್ರತಿ ಬಾಟಲಿಗೆ ಎಂಟು ಹತ್ತು ಎಂ.ಎಲ್. ರಕ್ತ. "ಡಾಕ್ಟ್ರೇ, ಇಷ್ಟೊಂದು ರಕ್ತ ಎಳೆದರೆ ರೋಗಿಗೆ ಸುಸ್ತಾಗಲ್ವಾ?" ಅಂತ ಜೊತೆಗೆ ಬಂದವರು ಸಿಟ್ಟಾಗುತ್ತಾರೆ. ಎಲ್ಲ ಸೇರಿದರೂ ರಕ್ತದಾನದಲ್ಲಿ ಕೊಡುವುದರ ಕಾಲು ಭಾಗವೂ ಆಗುವುದಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆ, ಚಳಿಜ್ವರ ಏರಿದಾಗಲೇ ತೆಗೆಯಬೇಕು ಅನ್ನುವುದು. ಈ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾ ಗಂಟಿನಿಂದ ಸತತವಾಗಿ ರಕ್ತಕ್ಕೆ ಉದುರುತ್ತಲೇ ಇರುತ್ತದೆ. ಜ್ವರ ಇಳಿದಿರುವಾಗ ತೆಗೆದರೂ ಸಿಗುತ್ತದೆ. ಕಾಯುತ್ತಾ ಕೂರಬೇಕಾಗಿಲ್ಲ.

ಜೊತೆಗೆ ಎಕೋ. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಸಣ್ಣ ಗಂಟು ಕಾಣದೆ ಹೋಗಬಹುದು. ಲೋಹದ ವಾಲ್ವ್ ಇದ್ದರಂತೂ ಅದರ ನೆರಳಿನಲ್ಲಿ ಏನೂ ತಿಳಿಯುವುದಿಲ್ಲ. ಆಗ ಗಂಟಲಿನ ಮೂಲಕ ಅನ್ನನಾಳಕ್ಕೆ ನಳಿಕೆ ಇಳಿಸಿ ಹೃದಯದ ಹಿಂದಿನಿಂದ ನೋಡುತ್ತಾರೆ. ಅದಕ್ಕೆ ಟಿ.ಇ.ಇ. ಅಂತ ಹೆಸರು. ಸ್ವಲ್ಪ ಕಿರಿಕಿರಿ, ಅಷ್ಟೇ. ಕಲ್ಚರ್, ಎಕೋ, ಜ್ವರ, ಮೈಮೇಲಿನ ಗುರುತು ಇವನ್ನೆಲ್ಲ ಸೇರಿಸಿ ತೀರ್ಮಾನಿಸಲು 1994ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಒಂದು ಅಳತೆಗೋಲು ಮಾಡಿದರು. ಅದನ್ನೇ ತಿದ್ದಿ ತಿದ್ದಿ ಈಗಲೂ ಬಳಸುತ್ತೇವೆ. ಕೊನೆಯ ದೊಡ್ಡ ತಿದ್ದುಪಡಿ 2023ರದ್ದು.

ಮೈಮೇಲಿನ ಗುರುತುಗಳು ವೈದ್ಯ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆ. ಉಗುರಿನಡಿ ಕಡ್ಡಿ ಚುಚ್ಚಿದಂಥ ಗೆರೆ, ಬೆರಳ ತುದಿಯಲ್ಲಿ ಮುಟ್ಟಿದರೆ ನೋಯುವ ಗಂಟು, ಅಂಗೈಯಲ್ಲಿ ನೋವಿಲ್ಲದ ಕೆಂಪು ಕಲೆ. ವಾರ್ಡಿನಲ್ಲಿ ಇವು ಕಾಣುವುದು ಅಪರೂಪ. ಕಾಣಲಿಲ್ಲ ಅಂತ ಕಾಯಿಲೆ ಇಲ್ಲ ಅನ್ನುವಂತಿಲ್ಲ. ಪತ್ತೆ ಹಚ್ಚಲು ಇದಕ್ಕಿಂತ ಕಷ್ಟದ ಕಾಯಿಲೆಗಳು ಕಡಿಮೆ ಅಂತ ವಿಲಿಯಂ ಓಸ್ಲರ್ 1885ರಲ್ಲೇ ಲಂಡನ್ನಿನ ತನ್ನ ಉಪನ್ಯಾಸಗಳಲ್ಲಿ ಹೇಳಿದ್ದ.

ಇನ್ನು ಚಿಕಿತ್ಸೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ರಕ್ತನಾಳದ ಮೂಲಕ ಇಂಜೆಕ್ಷನ್. ಜ್ವರ ಒಂದು ವಾರಕ್ಕೇ ಬಿಟ್ಟಿದೆ, ರೋಗಿ ಎದ್ದು ಓಡಾಡುತ್ತಿದ್ದಾನೆ, ಇನ್ನೂ ಯಾಕೆ ಅಂತ ಮನೆಯವರು ಕೇಳುವುದು ಸಹಜ. ಕಾರಣ ಆ ಗಂಟು. ಅದರೊಳಗೆ ರಕ್ತನಾಳ ಇಲ್ಲ. ಬಿಳಿ ರಕ್ತಕಣ ಒಳಗೆ ಹೋಗಿ ಹೋರಾಡುವುದಿಲ್ಲ. ಔಷಧಿ ಹೊರಗಿನಿಂದ ನಿಧಾನಕ್ಕೆ ಇಳಿಯಬೇಕು. ಒಳಗಿನ ಬ್ಯಾಕ್ಟೀರಿಯಾ ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಬಿದ್ದಿರುತ್ತವೆ, ಅಂಥವು ಪೆನಿಸಿಲಿನ್ ಜಾತಿಯ ಔಷಧಿಗೆ ಬೇಗ ಸಾಯುವುದಿಲ್ಲ. ಒಂದಿಷ್ಟು ಉಳಿದರೂ ಕಥೆ ಮತ್ತೆ ಮೊದಲಿನಿಂದ ಶುರು.

ಯಾವ ಔಷಧಿ ಅನ್ನುವುದು ಯಾವ ಬ್ಯಾಕ್ಟೀರಿಯಾ ಅನ್ನುವುದರ ಮೇಲೆ. ಬಾಯಿಯ ಸ್ಟ್ರೆಪ್ಟೊಕಾಕಸ್ ಆದರೆ ಹಳೆಯ ಪೆನಿಸಿಲಿನ್ನೇ ಸಾಕು, ಅಥವಾ ದಿನಕ್ಕೊಂದು ಸಲ ಸೆಫ್ಟ್ರಿಯಾಕ್ಸೋನ್, ನಾಲ್ಕು ವಾರ. ಚರ್ಮದಿಂದ ಬರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಬೇರೆಯೇ ಜಾತಿ. ಅದಕ್ಕೆ ವಾಲ್ವ್ ಮೊದಲೇ ಕೆಟ್ಟಿರಬೇಕು ಅಂತಿಲ್ಲ. ಒಳ್ಳೆಯ ವಾಲ್ವನ್ನೂ ಕೆಲವೇ ದಿನಗಳಲ್ಲಿ ಹರಿದುಹಾಕುತ್ತದೆ. ಡಯಾಲಿಸಿಸ್ ನಳಿಕೆ, ಪೇಸ್‌ಮೇಕರ್ ತಂತಿ, ಐ.ಸಿ.ಯು.ನಲ್ಲಿ ದಿನಗಟ್ಟಲೆ ಉಳಿದ ಡ್ರಿಪ್ ಲೈನ್, ಇವು ಅದರ ದಾರಿ. ಕ್ಲಾಕ್ಸಾಸಿಲಿನ್ ಜಾತಿಯ ಔಷಧಿ ಅಥವಾ ಸೆಫಜೋಲಿನ್, ಅದಕ್ಕೂ ಬಗ್ಗದಿದ್ದರೆ ವ್ಯಾಂಕೊಮೈಸಿನ್, ಆರು ವಾರ. ಕೃತಕ ವಾಲ್ವ್‌ಗೆ ಸೋಂಕು ತಗುಲಿದರೆ ಕಡಿಮೆಯೆಂದರೂ ಆರು ವಾರ. ಜೆಂಟಾಮೈಸಿನ್ ಸೇರಿಸಿದ್ದರೆ ಕಿಡ್ನಿ ಮತ್ತು ಕಿವಿಯ ಮೇಲೆ ಕಣ್ಣಿಟ್ಟಿರಬೇಕು.

ಇಲ್ಲೊಂದು ಮಾತು. ಪೆನಿಸಿಲಿನ್ ದುಬಾರಿ ಅಲ್ಲ. ದುಬಾರಿ ಆಗುವುದು ಆರು ವಾರ. ಕೂಲಿ ಕೆಲಸದವರು ಆರು ವಾರ ಮಲಗಿದರೆ, ಜೊತೆಗೊಬ್ಬರು ಕೂತರೆ, ಮನೆ ನಡೆಯುವುದು ಹೇಗೆ? ಅರ್ಧಕ್ಕೆ ಡಿಸ್ಚಾರ್ಜ್ ಕೇಳುವವರನ್ನು ಬೈಯುವ ಮುಂಚೆ ಇದನ್ನು ನಾವು ವೈದ್ಯರು ಯೋಚಿಸಬೇಕು. ಡೆನ್ಮಾರ್ಕಿನವರು 400 ರೋಗಿಗಳ ಮೇಲೆ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಡಿಮೆಯೆಂದರೂ ಹತ್ತು ದಿನ ಇಂಜೆಕ್ಷನ್ ಕೊಟ್ಟು, ರೋಗಿ ಸ್ಥಿರವಾದ ಮೇಲೆ, ಮತ್ತೆ ಎಕೋ ನೋಡಿ, ಉಳಿದ ದಿನಕ್ಕೆ ಎರಡು ಬಗೆಯ ಮಾತ್ರೆ ಕೊಟ್ಟರು. ಪೂರ್ತಿ ಇಂಜೆಕ್ಷನ್ ಪಡೆದವರಿಗಿಂತ ಅವರ ಸ್ಥಿತಿ ಕೆಟ್ಟದಾಗಲಿಲ್ಲ. ನಮಗೆ ಇದು ಬಹಳ ದೊಡ್ಡ ಸುದ್ದಿ. ಆದರೆ ಆ ಮಾತ್ರೆ ಆರಿಸಿದ್ದು ಕಲ್ಚರ್ ರಿಪೋರ್ಟ್ ನೋಡಿಯೇ. ಕಲ್ಚರ್ ಬೆಳೆಯದಿದ್ದರೆ ಧೈರ್ಯವಾಗಿ ಮಾತ್ರೆಗೆ ಬದಲಾಯಿಸುವುದು ಕಷ್ಟ. ಮೊದಲ ದಿನ ಮಾತ್ರೆಗೆ ಮುಂಚೆ ತೆಗೆದ ಆ ಕಲ್ಚರ್ ಬಾಟಲಿ ಮೂರನೇ ವಾರದಲ್ಲಿ ರೋಗಿಯನ್ನು ಮನೆಗೆ ಕಳಿಸುತ್ತದೆ ನೋಡಿ.

ಆಪರೇಷನ್ ಅಂದರೆ ಜನ ಹೆದರುತ್ತಾರೆ. ಸೋಂಕು ಇರುವಾಗ ಹೊಸ ವಾಲ್ವ್ ಹಾಕಿದರೆ ಅದಕ್ಕೂ ಸೋಂಕು ಅಂಟುವುದಿಲ್ಲವಾ ಅನ್ನುವುದು ಸರಿಯಾದ ಪ್ರಶ್ನೆಯೇ. ವೈದ್ಯರೂ ಹಿಂದೆ ಹಾಗೇ ಅಂದುಕೊಂಡಿದ್ದರು. 1965ರಲ್ಲಿ ಡ್ಯೂಕ್‌ನಲ್ಲೇ ಸೋಂಕು ಉರಿಯುತ್ತಿರುವಾಗ ವಾಲ್ವ್ ತೆಗೆದು ಹೊಸದು ಹಾಕಿ ರೋಗಿಯನ್ನು ಉಳಿಸಿದ ವರದಿ ಬಂತು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ಆಪರೇಷನ್ ಆಗುತ್ತದೆ. ವಾಲ್ವ್ ಹರಿದು ಹೃದಯ ಸೋಲುತ್ತಿದ್ದರೆ, ಬುಡದಲ್ಲಿ ಕೀವು ಕಟ್ಟಿದ್ದರೆ, ಔಷಧಿಗೆ ಸೋಂಕು ಬಗ್ಗದಿದ್ದರೆ, ಗಂಟು ದೊಡ್ಡದಾಗಿ ಚೂರು ಹಾರುವ ಭಯ ಇದ್ದರೆ ಕಾಯಬಾರದು. 2012ರಲ್ಲಿ ಕೊರಿಯಾದವರು 76 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. 48 ಗಂಟೆಯೊಳಗೆ ಆಪರೇಷನ್ ಆದ ಗುಂಪಿನಲ್ಲಿ ಆರು ವಾರದೊಳಗೆ ಒಬ್ಬರಿಗೂ ಚೂರು ಹಾರಲಿಲ್ಲ. ಇನ್ನೊಂದು ಗುಂಪಿನಲ್ಲಿ ಎಂಟು ಜನಕ್ಕೆ ಹಾರಿತು. ಸಣ್ಣ ಅಧ್ಯಯನ, ಆದರೆ ಯೋಚನೆ ಬದಲಾಯಿಸಿತು. ಚೂರು ಹಾರುವ ಅಪಾಯ ಜಾಸ್ತಿ ಇರುವುದು ಮೊದಲ ಎರಡು ವಾರ. "ಔಷಧಿ ಮುಗಿಯಲಿ, ಆಮೇಲೆ ಬೆಂಗಳೂರಿಗೆ ಕರ್ಕೊಂಡು ಹೋಗ್ತೇವೆ" ಅನ್ನುವುದು ಕೆಲವು ಸಲ ತೀರಾ ತಡ.

ನಮ್ಮ ಕಡೆಗೆ ಮುಖ್ಯವಾದ ಒಂದು ಗೊಂದಲ ಇದೆ, ಅದನ್ನು ಹೇಳಲೇಬೇಕು. ಮುಂದುವರಿದ ದೇಶಗಳಲ್ಲಿ ಈ ಕಾಯಿಲೆ ಈಗ ವಯಸ್ಸಾದವರದ್ದು. ನಮ್ಮಲ್ಲಿ ಇನ್ನೂ ಮೂವತ್ತು, ನಲವತ್ತರ ಹರೆಯದವರಿಗೆ ಬರುತ್ತದೆ. ರುಮ್ಯಾಟಿಕ್ ಜ್ವರ ಇದಕ್ಕೆ ಒಂದು ಕಾರಣ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಆಮೇಲೆ ಕೀಲು ಊದಿ, ವಾಲ್ವ್ ಹಾಳಾದವರು. ಅವರಿಗೆ 21 ದಿನಕ್ಕೊಮ್ಮೆ ಪೆನಿಡ್ಯೂರ್ ಅನ್ನುವ, ನಿಧಾನಕ್ಕೆ ಕರಗುವ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಎಷ್ಟೋ ಜನ ಅಂದುಕೊಂಡಿರುವುದು, ಪೆನಿಡ್ಯೂರ್ ನಡೀತಾ ಇದೆ, ಹಾಗಾಗಿ ಈ ಸೋಂಕು ಬರುವುದಿಲ್ಲ ಅಂತ. ಹಾಗಲ್ಲ. ಆ ಇಂಜೆಕ್ಷನ್ ಇರುವುದು ಗಂಟಲಿನ ಸ್ಟ್ರೆಪ್ಟೊಕಾಕಸ್ ಮತ್ತೆ ಬಂದು ರುಮ್ಯಾಟಿಕ್ ಜ್ವರ ಮರುಕಳಿಸದಿರಲಿ ಅಂತ. ಎಂಡೋಕಾರ್ಡೈಟಿಸ್ ತಡೆಯಲು ಅದರ ಮಟ್ಟ ರಕ್ತದಲ್ಲಿ ತೀರಾ ಕಡಿಮೆ. ಅದನ್ನು ನಿಲ್ಲಿಸಬೇಡಿ, ಆದರೆ ಅದರ ಮೇಲೆ ಈ ಭಾರ ಹಾಕಬೇಡಿ. ಇನ್ನೊಂದು ವಿಷಯ, ವರ್ಷಗಟ್ಟಲೆ ಪೆನಿಸಿಲಿನ್ ತೆಗೆದುಕೊಂಡವರ ಬಾಯಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದಿರಬಹುದು. ಹಲ್ಲು ಕೀಳಿಸುವ ಮುಂಚೆ ಅವರಿಗೆ ಮಾತ್ರೆ ಬೇಕಾದರೆ ಅಜಿತ್ರೊಮೈಸಿನ್‌ನಂಥ ಬೇರೆ ಗುಂಪಿನದ್ದು ಕೊಡಬೇಕು. ಡೆಂಟಿಸ್ಟ್‌ಗೆ ಪೆನಿಡ್ಯೂರ್ ವಿಷಯ ತಪ್ಪದೆ ಹೇಳಿ.

ಇಲ್ಲಿಂದ ಮುಂದೆ ಸಭಿಕರ ಪ್ರಶ್ನೆಗಳು.

ಹಲ್ಲು ಕೀಳಿಸುವ ಮುಂಚೆ ಎಲ್ಲ ಹೃದ್ರೋಗಿಗಳೂ ಮಾತ್ರೆ ತೆಗೆದುಕೊಳ್ಳಬೇಕಾ ಅಂತ ಹಿರಿಯರೊಬ್ಬರು ಕೇಳಿದರು. ಅವರಿಗೆ ಸ್ಟೆಂಟ್ ಆಗಿತ್ತು. ಇಲ್ಲ. ಸ್ಟೆಂಟ್, ಬೈಪಾಸ್ ಆದವರಿಗೆ ಇದು ಬೇಕಿಲ್ಲ. ಕೃತಕ ವಾಲ್ವ್ ಇರುವವರು, ಒಮ್ಮೆ ಈ ಸೋಂಕು ಬಂದು ಹೋದವರು, ಮೈ ನೀಲಿಯಾಗುವ ಹುಟ್ಟು ಹೃದ್ರೋಗ ಸರಿಪಡಿಸದೆ ಉಳಿದವರು, ಇಂಥವರಿಗೆ ಬೇಕು. ದೊಡ್ಡವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲ, ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ರುಮ್ಯಾಟಿಕ್ ವಾಲ್ವ್ ಇರುವವರ ವಿಷಯದಲ್ಲಿ ಒಮ್ಮತ ಇಲ್ಲ. ಅಮೆರಿಕದವರು 2007ರಲ್ಲಿ ಅವರನ್ನು ಪಟ್ಟಿಯಿಂದ ತೆಗೆದರು. ಬ್ರಿಟನ್ 2008ರಲ್ಲಿ ಯಾರಿಗೂ ಬೇಡ ಅಂದಿತು, 2016ರಲ್ಲಿ ಮಾತನ್ನು ಸ್ವಲ್ಪ ಸಡಿಲಿಸಿತು. ಆಸ್ಟ್ರೇಲಿಯಾ ಅವರನ್ನು ಪಟ್ಟಿಯಲ್ಲಿ ಉಳಿಸಿಕೊಂಡಿದೆ. ನಾನು ಕೊಡುತ್ತೇನೆ. ನಮ್ಮ ರೋಗಿಗಳ ಹಲ್ಲಿನ ಸ್ಥಿತಿ ನೋಡಿದರೆ ಕೊಡದಿರಲು ಮನಸ್ಸು ಬರುವುದಿಲ್ಲ. ಆದರೂ ಆ ಒಂದು ಮಾತ್ರೆಗಿಂತ ದಿನಾ ಹಲ್ಲು, ವಸಡು ಚೆನ್ನಾಗಿಟ್ಟುಕೊಳ್ಳುವುದು ದೊಡ್ಡ ರಕ್ಷಣೆ. ಹೊಗೆಸೊಪ್ಪು ಹಾಕಿ ವಸಡು ಕೊಳೆಸಿಕೊಂಡು, ವರ್ಷಕ್ಕೊಮ್ಮೆ ಡೆಂಟಿಸ್ಟ್ ಹತ್ತಿರ ಮಾತ್ರೆ ನುಂಗಿದರೆ ಏನು ಬಂತು?

ಮಗುವಿನ ಹೃದಯದಲ್ಲಿದ್ದ ತೂತು ಮುಚ್ಚಿಸಿದ್ದೇವೆ, ಭಯ ಇದೆಯಾ ಅಂತ ತಾಯಿಯೊಬ್ಬರು ಕೇಳಿದರು. ಪೂರ್ತಿ ಮುಚ್ಚಿ ಆರು ತಿಂಗಳು ಕಳೆದಿದ್ದರೆ, ಸೋರಿಕೆ ಉಳಿದಿಲ್ಲ ಅಂತ ಎಕೋದಲ್ಲಿ ಕಂಡಿದ್ದರೆ, ಹಲ್ಲಿನ ಚಿಕಿತ್ಸೆಗೆ ಮಾತ್ರೆ ಬೇಕಿಲ್ಲ. ಸೋರಿಕೆ ಉಳಿದಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ.

ಲೋಹದ ವಾಲ್ವ್ ಹಾಕಿಸಿಕೊಂಡ ಯುವಕರೊಬ್ಬರು ಜಯದೇವ ಆಸ್ಪತ್ರೆಯ ಫೈಲ್ ಹಿಡಿದುಕೊಂಡೇ ಬಂದಿದ್ದರು. ಜ್ವರ ಬಂದರೆ ಎಷ್ಟು ದಿನ ಕಾಯಬಹುದು ಅಂತ ಅವರ ಪ್ರಶ್ನೆ. ಪ್ಯಾರಸಿಟಮಾಲ್ ತೆಗೆದುಕೊಳ್ಳಿ, ತೊಂದರೆ ಇಲ್ಲ, ಅದು ಕಲ್ಚರ್ ಕೆಡಿಸುವುದಿಲ್ಲ. ಆಂಟಿಬಯೋಟಿಕ್ ಮಾತ್ರ ಯಾರು ಕೊಟ್ಟರೂ, "ನನಗೆ ವಾಲ್ವ್ ಇದೆ, ಮೊದಲು ಬ್ಲಡ್ ಕಲ್ಚರ್ ತೆಗೀರಿ" ಅನ್ನಿ. ಶೀತ, ಕೆಮ್ಮಿನಂಥ ಕಾರಣ ಕಣ್ಣಿಗೆ ಕಾಣದ ಜ್ವರ ಆದರೆ ಎರಡು ಮೂರು ದಿನಕ್ಕಿಂತ ಹೆಚ್ಚು ಕಾಯಬೇಡಿ. ಚಳಿ ನಡುಕ ಬಂದರೆ, ಮಾತು ತೊದಲಿದರೆ, ಉಸಿರು ಸಾಲದಿದ್ದರೆ ಅವತ್ತೇ ಹೋಗಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸಿಟ್ರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನೂ ಹೇಳಿ, ಯಾಕೆಂದರೆ ಈ ಸೋಂಕಿನಲ್ಲಿ ಮಿದುಳಲ್ಲಿ ರಕ್ತಸ್ರಾವದ ಅಪಾಯ ಇದೆ. ಅದನ್ನು ಮುಂದುವರಿಸಬೇಕಾ ಬೇಡವಾ ಅಂತ ಡಾಕ್ಟರು ತೀರ್ಮಾನಿಸಬೇಕು, ನೀವಾಗಿ ನಿಲ್ಲಿಸಬೇಡಿ.

ಒಮ್ಮೆ ವಾಸಿಯಾದರೆ ಮತ್ತೆ ಬರುತ್ತದಾ ಅನ್ನುವುದು ಕೊನೆಯ ಪ್ರಶ್ನೆ. ಬರಬಹುದು. ಒಮ್ಮೆ ಬಂದವರಿಗೆ ಅಪಾಯ ಉಳಿದವರಿಗಿಂತ ಜಾಸ್ತಿ. ಇಂಜೆಕ್ಷನ್ ಕೋರ್ಸ್ ಮುಗಿದ ಮೇಲೆ ಒಂದು ಎಕೋ ಮಾಡಿಸಿ ಇಟ್ಟುಕೊಳ್ಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಹಲ್ಲು ತೋರಿಸಿ ಹಾಳಾದ್ದನ್ನು ಸರಿಮಾಡಿಸಿ. ಡಿಸ್ಚಾರ್ಜ್ ಕಾಗದದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆದಿತ್ತು ಅಂತ ಬರೆದಿರುತ್ತದೆ. ಅದರ ಫೋಟೊ ಮೊಬೈಲಿನಲ್ಲಿ ಇರಲಿ. ರಾತ್ರಿ ಜ್ವರ ಬಂದು ಬೇರೆ ಊರಿನ ಆಸ್ಪತ್ರೆಗೆ ಹೋದರೆ, ಅಲ್ಲಿನ ಡ್ಯೂಟಿ ಡಾಕ್ಟರಿಗೆ ಮೊದಲು ತೋರಿಸಬೇಕಾದ್ದು ಅದನ್ನೇ.